ಕೊಲೆಗಾತಿಗೆ ಬಿದ್ದ ಹಾರ

ಮೇಷ್ಟ್ರೇ,

‘ಪೂಜ್ಯ ಗುರುಗಳ ಪಾದಗಳಿಗೆ’ ಎಂದು ಶುರು ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ನೀವು ಕನ್ನಡಕದ ಮೇಲಿನಿಂದ ನೋಡಿ, ‘ಏನಮ್ಮಿ ರತ್ನಿ, ಪಾದಕ್ಕೇ ಬಂದ್ಬುಟ್ಟಿದ್ದೀಯ, ಏನ್ ಬೇಕಾಗಿತ್ತು?’ ಎನ್ನುವುದು ಕಣ್ಣಿಗೆ ಕಟ್ಟಿತು. ಹಾಗಾಗಿ ಬರೀ ಮೇಷ್ಟ್ರೇ. ಗಂಜಾಮಿನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮಿಷಾಂಬೆಯ ದರ್ಶನಕ್ಕೆ ಬಂದವರು ಕಾರುಗಳನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ್ದಾರೆ. ಇವತ್ತು ಯಾರ ಮೇಲೂ ಕೂಗಾಡಿಲ್ಲ. ಕೂಗಾಡುವುದಕ್ಕೆ ಗಂಟಲೂ ಇಲ್ಲ ಅನ್ನಿ. ಆ ಗಂಟಲಿನ ವಿಷಯವನ್ನೇ ಬರೆಯಬೇಕಾಗಿದೆ. ನಮ್ಮಿಬ್ಬರ ಜಗಳ ಒಂದು ಅರ್ಧಕ್ಕೇ ನಿಂತಿತ್ತಲ್ಲ…

ನೀವು ಕೊನೆಯ ಸಲ ನಮ್ಮ ಮನೆಗೆ ಬಂದದ್ದು ನೆನಪಿದೆಯೇ? ಕೆ.ಆರ್. ಪೇಟೆಯಿಂದ ಎರಡು ಬಸ್ಸು ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತಾ ಬಂದಿರಿ. ಹಾರ್ಮೋನಿಯಂ ಮೇಷ್ಟ್ರು ಸುಮ್ಮನೆ ಬರುವವರಲ್ಲ, ಯಾವುದೋ ನಾಟಕಕ್ಕೆ ಕರೆಯಲು ಬಂದಿದ್ದಾರೆ ಎಂದು ನಾನು ಖುಷಿಯಲ್ಲಿ ಕಾಫಿ ಕಾಸಿದೆ. ಕಾಫಿ ಕುಡಿದು ಲೋಟ ಕೆಳಗಿಟ್ಟು, ‘ನಾಗಮಂಗಲದ ಕಡೇರು ರಾಣಿ ಪಾರ್ಟಿಗೆ ನಿನ್ನ ಕೇಳುದ್ರು ಕಣಮ್ಮಿ. ಬ್ಯಾಡ ಅಂದ್ಬುಟ್ಟೆ. ಗಂಟ್ಲು ಓಯ್ತು ನಿಂದು. ಗಂಟ್ಲು ಓದ್ಮೇಲೆ ನಮ್ಮಂತೋರ್ತಾವ ಇನ್ನೇನು ಉಳೀತದೆ?’ ಎಂದಿರಿ. ಬೇರೆಯವರಾಗಿದ್ದರೆ ಬೆನ್ನ ಹಿಂದೆ ಹೇಳಿ ಸುಮ್ಮನಾಗುತ್ತಿದ್ದರು. ನೀವು ಎದುರಿಗೇ ಹೇಳಲು ಅಷ್ಟು ದೂರ ಬಂದಿರಿ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು. ಗಂಟಲಲ್ಲಿ ಗಂಟು ಕಟ್ಟಿದೆ, ಮಾತು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅದು ಹೊಳೆಯುವ ಹೊತ್ತಿಗೆ ನೀವೇ ಹೊರಟುಬಿಟ್ಟಿರಿ.

ನೀವು ಹೋದ ಮೇಲೆ ಪಾಂಡವಪುರದ ಹತ್ತಿರದ ಒಂದು ಊರಲ್ಲಿ ನನಗೆ ದಾಸಿಯ ಪಾರ್ಟು ಸಿಕ್ಕಿತು. ಹಾಡಿಲ್ಲ, ಮಾತೂ ಹೆಚ್ಚಿಲ್ಲ, ರಾಣಿಯ ಹಿಂದೆ ನಿಂತು ಚಾಮರ ಬೀಸುವುದು. ರಾಣಿಯಾಗಿದ್ದವಳು ದಾಸಿಯಾದೆನಲ್ಲ ಎಂದು ಮೂಲೆ ಹಿಡಿದು ಕೂರುವ ಜಾಯಮಾನ ನನ್ನದಲ್ಲ, ಒಪ್ಪಿಕೊಂಡೆ. ಬೆಳಗ್ಗೆ ಮುಖದ ಬಣ್ಣ ತೆಗೆಯುತ್ತಿದ್ದಾಗ ಜೀನ್ಸ್ ಪ್ಯಾಂಟಿನ ಹುಡುಗಿಯೊಬ್ಬಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಮೈಸೂರಿನವಳು, ಸಿನಿಮಾ ಮಾಡುತ್ತಾಳಂತೆ. ಶೂಟಿಂಗಿಗೆ ಆಲೆಮನೆ ಹುಡುಕಿಕೊಂಡು ಬಂದವಳು ನಾಟಕ ನೋಡಲು ನಿಂತಿದ್ದಾಳೆ. ‘ಮಧ್ಯದಲ್ಲಿ ನಾಟಕ ನಿಲ್ಲಿಸಿ ಹಾರ ಹಾಕ್ತಿದ್ರಲ್ಲ, ಆಗ ನೀವೊಬ್ಬರೇ ನಾಟಕದ ಒಳಗೇ ಇದ್ರಿ. ಅದು ಹೇಗೆ?’ ಎಂದು ಕೇಳಿದಳು.

ಅವಳಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ರಾಜರು, ವೀರರು ಎಲ್ಲ ಊರ ಗೌಡರ ಮಕ್ಕಳೇ. ಹಗಲು ಕಬ್ಬು ಕಡಿದು, ಡೇರಿಗೆ ಹಾಲು ಹಾಕಿ ಬಂದು ಕಿರೀಟ ಇಟ್ಟುಕೊಳ್ಳುವವರು. ಹೆಣ್ಣು ಪಾರ್ಟಿಗೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ರಾಜ ಬಂದು ಒಂದು ಕಂದಪದ್ಯ ಹಾಡಿ ಗದೆ ಎತ್ತಿದ ಎನ್ನಿ, ಅವನ ಮಾವ, ಭಾವಮೈದ, ಹಾಲಿನ ಸೊಸೈಟಿಯ ಸೆಕ್ರೆಟರಿ ಎಲ್ಲರೂ ಹಾರ ಹಿಡಿದು ಸ್ಟೇಜು ಹತ್ತುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಫೋಟೋ ತೆಗೆಯುತ್ತಾರೆ. ಯುದ್ಧಕ್ಕೆ ಹೊರಟಿದ್ದ ರಾಜ ಹಲ್ಲು ಬಿಡುತ್ತಾ ನಿಲ್ಲುತ್ತಾನೆ. ಅಷ್ಟು ಹೊತ್ತೂ ನಾವು ಹೊರಗಿನವರು ಪಕ್ಕದಲ್ಲಿ ಕಾಯಬೇಕು. ನಮ್ಮ ಕಡೆಯವರು ಅಂತ ಆ ಊರಲ್ಲಿ ಯಾರಿರುತ್ತಾರೆ, ನಮಗೆ ಹಾರ ತರಲು? ಇದನ್ನು ನಾನು ಬೇಜಾರಿಲ್ಲದೆಯೇ ಹೇಳಿದೆ. ಆ ಹುಡುಗಿಯ ಮುಖ ಮಾತ್ರ ಸಣ್ಣಗಾಯಿತು.

ನಿಂತುಕೊಳ್ಳುವುದನ್ನು ಕಲಿಸಿದವರು ನೀವು ಎಂದೂ ಹೇಳಿದೆ. ನನ್ನ ಮೊದಲನೆಯ ರಾಣಿ ಪಾರ್ಟು, ನಿಮ್ಮೂರ ಪಕ್ಕದಲ್ಲೇ. ತುಂಬಿದ ಸಭೆಯಲ್ಲಿ ನನ್ನ ಸೆರಗು ಹಿಡಿದವನಿಗೆ ಅವನ ಅತ್ತೆ ಮನೆಯವರು ಹಾರ ತಂದರು. ಒಂದು ಕೈಯಲ್ಲಿ ನನ್ನ ಸೆರಗು, ಇನ್ನೊಂದು ಕೈಯಲ್ಲಿ ಮಾವನಿಗೆ ನಮಸ್ಕಾರ! ನಾನು ಕಿಸಕ್ಕನೆ ನಕ್ಕುಬಿಟ್ಟೆ. ಮಾರನೆಯ ದಿನ ನೀವು ಬೈಯಲಿಲ್ಲ. ‘ಹಾರ ಬೀಳೋವಾಗ ಅವ್ರು ಬೇಕಾದ್ರೆ ಮನುಷ್ಯರಾಗ್ಲಿ ಕಣಮ್ಮಿ. ನೀನು ರಾಣಿಯಾಗೇ ಇರು. ಮಾತಿಲ್ಲ, ಹಾಡಿಲ್ಲ, ಬರೀ ನಿಂತ್ಕೊ. ಅದುನ್ನ ಕಲ್ತ್ರೆ ಮಿಕ್ಕಿದ್ದು ನಾನು ಕಲಿಸ್ತೀನಿ’ ಎಂದಿರಿ. ನಿಮ್ಮ ಹಿತ್ತಿಲಲ್ಲಿ ನಿಮ್ಮ ಮನೆಯಾಕೆ ಜಯಕ್ಕ ರಾಗಿ ಕೇರುತ್ತಿದ್ದರು, ಕೋಳಿಗಳು ನನ್ನ ಕಾಲ ಬಳಿಯೇ ಮೇಯುತ್ತಿದ್ದವು. ನಾನು ರಾಣಿಯಾಗಿ ನಿಂತೆ, ನಿಂತೇ ಇದ್ದೆ. ಜಯಕ್ಕ ಕನಿಕರಪಟ್ಟು ಮಜ್ಜಿಗೆ ತಂದುಕೊಟ್ಟರೆ ಅದನ್ನೂ ಕುಡಿಯಬಾರದು ಎಂದಿರಿ, ಪಾಪಿ ಮನುಷ್ಯ.

ಆ ಹುಡುಗಿ ತನ್ನ ಸಿನಿಮಾಕ್ಕೆ ನನ್ನನ್ನೇ ಕರೆದಳು. ಕೊಲೆಯ ಕಥೆ. ಕೊಲೆ, ಪೊಲೀಸು ಎಂದರೆ ನೀವು ಟಿ.ವಿ. ಆರಿಸಿ ಎದ್ದು ಹೋಗುತ್ತಿದ್ದಿರಿ, ಇದನ್ನಾದರೂ ಕೇಳಿಸಿಕೊಳ್ಳಿ. ಆಲೆಮನೆ ನಡೆಸುವ ಒಬ್ಬ ವಿಧವೆ. ಅವಳ ಮಗಳ ಮೇಲೆ ಕೈ ಹಾಕಿದ ಮೈದುನನನ್ನು ಕೊಂದು ನಾಲೆಗೆ ತಳ್ಳುತ್ತಾಳೆ. ಊರೆಲ್ಲ ಕೊಲೆಗಾರನನ್ನು ಹುಡುಕುತ್ತದೆ. ಇನ್ಸ್‌ಪೆಕ್ಟರು ದಿನಾ ಬಂದು ಅವಳ ಕೈಯಿಂದಲೇ ಕಬ್ಬಿನ ಹಾಲು ಇಸಿದುಕೊಂಡು ಕುಡಿದು, ಯಾರ ಮೇಲೆ ಅನುಮಾನ ಎಂದು ಅವಳನ್ನೇ ಕೇಳುತ್ತಾನೆ. ಅವಳು ಕುದಿಯುವ ಕೊಪ್ಪರಿಗೆಯ ಮುಂದೆ ನಿಂತಿರುತ್ತಾಳೆ. ಕೊನೆಯಲ್ಲಿ ತಪ್ಪಿಲ್ಲದ ಒಬ್ಬ ಕೂಲಿಯವನನ್ನು ಹಿಡಿದಾಗ ಅರಳಿಕಟ್ಟೆಯ ಮುಂದೆ ಬಂದು ತಾನೇ ಒಪ್ಪಿಕೊಳ್ಳುತ್ತಾಳೆ. ಆ ಹೆಂಗಸು ನಾನು. ಹೀರೋಯಿನ್ನೂ ನಾನೇ, ಕೊಲೆಗಾತಿಯೂ ನಾನೇ.

ಮೊದಲನೆಯ ದಿನ ಮಾನ ಹೋಯಿತು. ಬಾಗಿಲಿಗೆ ಬಂದ ಪೊಲೀಸರನ್ನು ‘ಯಾರಪ್ಪ ಅದು?’ ಎಂದು ಕೇಳಬೇಕಿತ್ತು, ಅಷ್ಟೇ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಎಂದು ನೀವು ಹೇಳಿಕೊಟ್ಟ ಹಾಗೆ, ಒಡೆದ ಗಂಟಲಲ್ಲೇ ಎಸೆದೆ ನೋಡಿ, ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಧ್ವನಿ ಹಿಡಿಯುವ ಹುಡುಗ ಇಮ್ರಾನ್ ನಮ್ಮ ಪಟ್ಟಣದವನೇ. ಕಿವಿಗೆ ಹಾಕಿಕೊಂಡಿದ್ದನ್ನು ಕಿತ್ತು ಕಿವಿ ಉಜ್ಜಿಕೊಳ್ಳುತ್ತಾ, ‘ಆಪಾ, ಮೈಕು ನಿಮ್ ಸೆರಗಲ್ಲೇ ಐತೆ’ ಎಂದ. ಡೈರೆಕ್ಟರ್ ಹುಡುಗಿ ಬಂದು ಏನೂ ಮಾಡಬೇಡಿ ಎಂದಳು. ಏನೂ ಮಾಡದೆ ಇರುವುದು ಹೇಗೆ? ಆಯಸ್ಸೆಲ್ಲ ಏನಾದರೊಂದು ಮಾಡಿಯೇ ಅನ್ನ ತಿಂದವಳು ನಾನು. ಆಲೆಮನೆಯ ಹೊಗೆಯಲ್ಲಿ ಕಣ್ಣುರಿಸಿಕೊಂಡು ಕೂತಿದ್ದಾಗ ನಿಮ್ಮ ಹಿತ್ತಿಲು ನೆನಪಾಯಿತು. ಕ್ಯಾಮೆರಾ ಬಂದರೆ ಯಾರಿಗೋ ಹಾರ ಬೀಳುತ್ತಿದೆ ಎಂದುಕೊಳ್ಳುವುದು, ಮುಗಿಯಿತು. ಇನ್ಸ್‌ಪೆಕ್ಟರು ಕಬ್ಬಿನ ಹಾಲು ಕುಡಿಯಲಿ, ಮೀಸೆ ತಿರುವಲಿ, ನಾನು ನಾನಾಗದೆ ಅವಳಾಗಿಯೇ ನಿಲ್ಲುವುದು. ಅವತ್ತಿನಿಂದ ಡೈರೆಕ್ಟರು ನನಗೆ ಏನನ್ನೂ ಹೇಳಿಕೊಡಲಿಲ್ಲ.

ತಪ್ಪೊಪ್ಪಿಗೆಯ ದಿನದ್ದು ಹೇಳುತ್ತೇನೆ ಕೇಳಿ. ಕಟ್ಟೆಯ ಸುತ್ತ ಊರವರನ್ನೇ ಕೂರಿಸಿದ್ದರು. ಅವರಲ್ಲಿ ನಮ್ಮ ತಿಮ್ಮೇಗೌಡರೂ ಇದ್ದರು, ನಿಮ್ಮ ಹತ್ತಿರವೇ ಕಲಿತು ವರ್ಷಾನುಗಟ್ಟಲೆ ರಾಜನ ಪಾರ್ಟು ಮಾಡಿದವರು. ನನ್ನ ಗಂಟಲಿಗೆ ದಿನಕ್ಕೆ ಒಂದು ಸಲ ಅಷ್ಟು ಉದ್ದದ ಮಾತಾಡುವ ತ್ರಾಣವಿತ್ತು, ಎರಡನೆಯ ಸಲಕ್ಕೆ ಇರಲಿಲ್ಲ. ಹಾಗೆಂದು ಮೊದಲೇ ಹೇಳಿದ್ದೆ. ಶುರು ಮಾಡಿದೆ. ‘ಅವನನ್ನ ಬುಟ್ಬುಡಿ, ನಾನೇ’ ಎಂದು ಮೊದಲ ಮಾತು. ಧ್ವನಿ ಒಡೆಯಿತು, ಒಡೆದದ್ದು ಒಡೆದ ಹಾಗೇ ಹೋಯಿತು, ಅಲ್ಲಲ್ಲಿ ಬರೀ ಗಾಳಿ ಬಂತು, ಆದರೆ ಒಂದು ಮಾತೂ ತಪ್ಪಲಿಲ್ಲ. ಕೊನೆಯ ಮಾತು ಆಡಿ ನಿಂತೆ. ಕಟ್ ಎನ್ನುವ ಮೊದಲೇ ತಿಮ್ಮೇಗೌಡರು ಎದ್ದರು, ಮೇಷ್ಟ್ರೇ. ಚೆಂಡುಹೂವಿನ ಹಾರ ಹಿಡಿದುಕೊಂಡು, ಹಿಂದೆ ಇನ್ನಿಬ್ಬರನ್ನು ಕರೆದುಕೊಂಡು, ಸ್ಟೇಜು ಹತ್ತುವ ಗತ್ತಿನಲ್ಲೇ ಬಂದು ನನ್ನ ಕೊರಳಿಗೆ ಹಾಕಿ, ಜನರ ಕಡೆ ತಿರುಗಿ ಕೈ ಮುಗಿದರು.

ನಾನು ಏನು ಮಾಡಿದೆ ಹೇಳಿ? ಏನೂ ಮಾಡಲಿಲ್ಲ. ಕೊರಳಿಗೆ ಹಾರ ಬಿದ್ದ ಕೊಲೆಗಾತಿಯಾಗಿಯೇ ನಿಂತಿದ್ದೆ. ಜನ್ಮದಲ್ಲಿ ಮೊದಲ ಸಲ ಹಾರ ಬಿದ್ದರೂ ಮನುಷ್ಯಳಾಗಲಿಲ್ಲ. ಆಮೇಲೆ ಡೈರೆಕ್ಟರು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು ಬಂದಳು, ಯೂನಿಟ್ಟಿನವರೆಲ್ಲ ಸೇರಿ ತಿಮ್ಮೇಗೌಡರ ಮೇಲೆ ಬಿದ್ದರು. ನಾನೂ ಹೋಗಿ, ಇದೇನು ಮಾಡಿಬಿಟ್ಟಿರಿ ಗೌಡರೇ ಎಂದೆ. ‘ಅಲ್ಲ ಕಣವ್ವ, ಅಂಗೆ ಮಾತಾಡ್ಬುಟ್ರೆ ಸುಮ್ಕೆ ಕೂತಿರಕ್ಕಾಯ್ತದಾ? ಎಷ್ಟು ನಾಟ್ಕ ಆಡಿದೀವಿ ಜೊತೇಲಿ, ನಿನಗೆ ಒಂದಿನಾನೂ ಒಬ್ರೂ ತರ್ಲಿಲ್ಲ. ನಿನ್ ಕಡೇರು ಅಂತ ಇವತ್ತು ನಾನೇ ತಂದೆ’ ಎಂದರು. ಬೈಯಲು ಹೋದವಳು ಮರದ ಹಿಂದೆ ಹೋಗಿ ಅತ್ತು ಬಂದೆ.

ಮತ್ತೆ ತೆಗೆದರು. ಗಂಟಲು ಏಳಲಿಲ್ಲ. ಮಾರನೆಯ ದಿನವೂ ಏಳಲಿಲ್ಲ. ಬಿಸಿನೀರು, ಜೇನುತುಪ್ಪ, ಇಮ್ರಾನನ ತಾಯಿ ಕೊಟ್ಟುಕಳಿಸಿದ ಶುಂಠಿಯ ಕಷಾಯ, ಯಾವುದಕ್ಕೂ ಜಗ್ಗಲಿಲ್ಲ. ಸಿನಿಮಾಕ್ಕೆ ದುಡ್ಡು ಹಾಕಿದ ಪ್ರೊಡ್ಯೂಸರು ಬಂದು ಕೇಳಿ, ಚಿಂತೆ ಬೇಡ, ಬೆಂಗಳೂರಿನಲ್ಲಿ ಒಳ್ಳೆಯ ಧ್ವನಿಯವಳೊಬ್ಬಳಿದ್ದಾಳೆ, ಈಯಮ್ಮನ ಬಾಯಿಗೆ ಅವಳಿಂದ ಮಾತಾಡಿಸೋಣ ಎಂದರಂತೆ. ಹಾರದವರನ್ನೂ ಕತ್ತರಿಸಿ ಎಂದರಂತೆ. ಇಮ್ರಾನ್ ಫೋನು ಮಾಡಿ ಹೇಳಿದ. ಮುಖ ನನ್ನದು, ಗಂಟಲು ಇನ್ನೊಬ್ಬಳದು! ಅಂದರೆ ನೀವು ಹೇಳಿದ್ದೇ ಸರಿಯಾಯಿತಲ್ಲ. ಅವತ್ತು ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಗೋಡೆಯ ಮೇಲಿನ ನಿಮ್ಮ ಫೋಟೋಕ್ಕೆ ಹೂ ಇಡಲಿಲ್ಲ. ಡೈರೆಕ್ಟರು ಜಗಳ ಆಡುತ್ತಿದ್ದೇನೆ ಎಂದಳು, ಕೊನೆಗೆ ಏನಾಯಿತು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಜಂಬ ನಿಮಗೆ ಗೊತ್ತಿದ್ದದ್ದೇ.

ಬಿಡುಗಡೆಯಾದ ದಿನ ಪಾಂಡವಪುರದ ಟಾಕೀಸಿಗೆ ಮ್ಯಾಟಿನಿಗೆ ಹೋದೆ. ಜಯಕ್ಕ ನಿಮ್ಮೂರಿನಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಇವತ್ತು ನಾಳೆ ಎನ್ನುತ್ತಿದ್ದಾರೆ. ‘ನಾನು ಕಣ್ಣಲ್ಲಿ ನೋಡಲ್ಲ ಕಣೆ, ಕಿವೀಲಿ ನೋಡ್ತೀನಿ’ ಎಂದು ನನ್ನ ಕೈ ಹಿಡಿದು ಕೂತರು. ತಿಮ್ಮೇಗೌಡರು ಇಸ್ತ್ರಿ ಷರಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿದ್ದರು, ಸಿನಿಮಾದಲ್ಲಿ ತಾವು ಇರುತ್ತೇವೋ ಇಲ್ಲವೋ ಎಂಬ ಚಿಂತೆ ಅವರಿಗೆ. ನನಗೆ ನನ್ನ ಚಿಂತೆ.

ಸಿನಿಮಾದಲ್ಲಿ ಹುಳುಕಿಲ್ಲವೇ? ಬೇಕಾದಷ್ಟಿದೆ, ಸುಳ್ಳು ಹೇಳುವುದಿಲ್ಲ. ಇನ್ಸ್‌ಪೆಕ್ಟರಿಗೆ ಯಾಕೋ ಒಂದು ಹಾಡು ಕೊಟ್ಟಿದ್ದಾರೆ, ಕರಿಘಟ್ಟದ ಮೆಟ್ಟಿಲ ಮೇಲೆ ಕುಣಿಯುತ್ತಾನೆ, ಕೊಲೆ ಹುಡುಕುವವನಿಗೆ ಅಷ್ಟು ಪುರುಸೊತ್ತೆಲ್ಲಿ? ಆಕಾಶದಿಂದ ಗದ್ದೆ ತೋರಿಸಿದ್ದೇ ತೋರಿಸಿದ್ದು. ರಕ್ತ ಕುಂಕುಮದ ನೀರಿನ ಹಾಗಿದೆ. ಇಂಟರ್‌ವಲ್ ಆದ ಮೇಲೆ ಹಳೆಯ ಕಥೆ ಹೇಳಲು ಹೊರಟು ಎಲ್ಲೆಲ್ಲೋ ಹೋಗಿ ಬರುತ್ತಾರೆ, ನಮ್ಮ ಸಾಲಿನ ಒಬ್ಬರು ಗೊರಕೆ ಹೊಡೆದರು. ನೀವಾಗಿದ್ದರೆ ಅಲ್ಲಿಗೇ ಎದ್ದು ಹೋಗಿ ವೀಳ್ಯದೆಲೆ ಹುಡುಕುತ್ತಿದ್ದಿರಿ. ಆದರೂ ಆ ಆಲೆಮನೆಯ ಹೊಗೆಯಲ್ಲಿ ಅವಳು ನಿಂತಾಗಲೆಲ್ಲ ಟಾಕೀಸು ಸುಮ್ಮನಾಗುತ್ತಿತ್ತು. ಅವಳು ಎನ್ನುತ್ತೇನೆ, ಯಾಕೆಂದರೆ ಅಲ್ಲಿ ನಾನು ನನಗೇ ಸಿಗಲಿಲ್ಲ. ನನ್ನದೇ ಮೂಗು, ನನ್ನದೇ ಓಲೆ, ಆದರೆ ಆ ಹೆಂಗಸಿಗೆ ಹೆದರಿಕೊಂಡೆ.

ಅರಳಿಕಟ್ಟೆ ಬಂತು. ಅವಳು ಬಾಯಿ ತೆರೆಯುವ ಮೊದಲೇ ನಾನು ಕಣ್ಣು ಮುಚ್ಚಿದೆ. ಒಳ್ಳೆಯ ಧ್ವನಿ ಬಂದರೆ ಎದ್ದು ಹೋಗುವುದೋ, ಜಯಕ್ಕನಿಗಾಗಿ ಕೂರುವುದೋ ಎಂದು ಯೋಚಿಸುತ್ತಿದ್ದೆ. ‘ಅವನನ್ನ ಬುಟ್ಬುಡಿ, ನಾನೇ’ ಎಂದು ಕೇಳಿತು. ಒಡಕು ಧ್ವನಿ, ತಳದಲ್ಲಿ ಬರೀ ಗಾಳಿ. ನನ್ನದೇ, ಮೇಷ್ಟ್ರೇ! ಅಷ್ಟು ದೊಡ್ಡ ಟಾಕೀಸಿನ ನಾಲ್ಕು ಗೋಡೆಗೂ ತಾಗುತ್ತಿತ್ತು. ಶಿಳ್ಳೆ ಹಾಕುತ್ತಿದ್ದ ಹುಡುಗರು ಮುಂದಕ್ಕೆ ಬಗ್ಗಿ ಕೂತರು. ಗೊರಕೆಯವರೂ ಎದ್ದಿದ್ದರು. ಕೊನೆಗೆ ತಿಮ್ಮೇಗೌಡರು ಹಾರ ಹಿಡಿದು ಬಂದೇ ಬಂದರು, ಆಗ ನಮ್ಮ ಜನ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದರು. ಜಯಕ್ಕ ನನ್ನ ಕೈ ಬಿಟ್ಟಿರಲಿಲ್ಲ. ‘ನಿಮ್ ಮೇಷ್ಟ್ರಿಗೆ ಕಿವಿ ಇತ್ತು ಕಣಮ್ಮಿ, ತಾಳ್ಮೆ ಇರ್ನಿಲ್ಲ. ಇನ್ನೊಂದ್ ವರ್ಸ ಇದ್ದಿದ್ರೆ ಕೇಳುಸ್ಕಳೋರು’ ಎಂದರು. ಎಷ್ಟು ಹಗುರಾಯಿತು ಗೊತ್ತೇ ಮನಸ್ಸು?

ಪೇಪರಿನವರು ನನ್ನನ್ನು ಹೊಗಳಿ, ಹಾರದ ವಿಷಯ ಹಿಡಿದು ಜಗ್ಗಿದರು. ಕೊಲೆ ಒಪ್ಪಿಕೊಂಡವಳಿಗೆ ಊರವರು ಹಾರ ಹಾಕುವುದು ತರ್ಕಕ್ಕೆ ನಿಲ್ಲುವುದಿಲ್ಲವಂತೆ. ಇನ್ನೊಬ್ಬರು ಅದರಲ್ಲಿ ಆಳವಾದ ಅರ್ಥವಿದೆ ಎಂದು ಅರ್ಧ ಪುಟ ಬರೆದಿದ್ದಾರೆ. ನಾನು ತಿಮ್ಮೇಗೌಡರಿಗೆ ಓದಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಇರಬೋದು ಕಣವ್ವ ಎಂದರು. ನಿಜ ಏನೆಂದರೆ ಇಮ್ರಾನ್ ಪ್ರೊಡ್ಯೂಸರಿಗೆ ಎರಡೂ ಧ್ವನಿ ಹಾಕಿ ಕೇಳಿಸಿದನಂತೆ, ಕೇಳಿದ ಮೇಲೆ ಅವರು ನಿಮ್ಮಿಷ್ಟ ಎಂದು ಎದ್ದು ಹೊರಗೆ ಹೋದರಂತೆ. ನನ್ನ ಧ್ವನಿ ಸಿಕ್ಕಿದ್ದು ಆ ಒಂದೇ ಸಲ, ಅದರ ಬೆನ್ನಿಗೇ ಹಾರ ಬಂದಿತ್ತು, ಹಾರ ಬಿದ್ದ ಮೇಲೂ ನಾನು ನಿಂತದ್ದನ್ನು ಕತ್ತರಿಸಲು ಡೈರೆಕ್ಟರ್ ಹುಡುಗಿಗೆ ಮನಸ್ಸು ಬರಲಿಲ್ಲವಂತೆ. ಹಾಗೆ ಉಳಿಯಿತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ನಾಗಮಂಗಲದ ಕಡೆಯವರು ಬಂದಿದ್ದರು, ನೀವು ಬೇಡ ಎಂದಿದ್ದಿರಲ್ಲ, ಅದೇ ಊರಿನವರು. ರಾಣಿ ಪಾರ್ಟಿಗೆ ನೀವೇ ಆಗಬೇಕು ಎಂದರು. ನನ್ನ ಗಂಟಲು ಹಾಡುವುದಿಲ್ಲ, ಸಿನಿಮಾ ನೋಡಿ ಮೋಸ ಹೋಗಬೇಡಿ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಅವರಲ್ಲಿ ಹಿರಿಯರೊಬ್ಬರು, ‘ಹಾಡೋರು ಊರ್ ತುಂಬ ಅವ್ರೆ ಬುಡವ್ವ. ನೀನು ಮಾತಾಡು, ನಾವು ಕೇಳ್ತೀವಿ’ ಎಂದರು. ಹೂಂ ಎಂದೆ.

ನಿನ್ನೆ ಮಧ್ಯಾಹ್ನ ಮೊದಲನೆಯ ತಾಲೀಮು. ಹಾರ್ಮೋನಿಯಂಗೆ ನಿಮ್ಮ ಶಿಷ್ಯ ಸೋಮಣ್ಣನೇ ಬಂದಿದ್ದ. ಹಾಡು ಬರುವ ಕಡೆಯಲ್ಲೆಲ್ಲ ಮಾತಾಡುತ್ತೇನೆ ಎಂದರೆ ಅವನ ಮುಖ ಹುಳಿಯಾಯಿತು. ಶ್ರುತಿ ಇಲ್ಲದ ರಾಣಿಯನ್ನು ಮೇಷ್ಟ್ರು ಒಪ್ಪುತ್ತಿರಲಿಲ್ಲ ಎಂದು ಗೊಣಗುತ್ತಲೇ, ನಿಮ್ಮ ಹಾಗೇ ತಲೆ ಬಗ್ಗಿಸಿಕೊಂಡು, ನನ್ನ ಮಾತಿನ ಕೆಳಗೆ ಬಾರಿಸತೊಡಗಿದ. ನಾನು ತಡೆಯಲಿಲ್ಲ. ಸಭೆಯ ಮಾತು ಶುರು ಮಾಡಿದೆ. ಧ್ವನಿ ಒಡೆಯಿತು. ಎದುರಿಗಿದ್ದ ರಾಜ ಗದೆ ಕೆಳಗಿಟ್ಟ. ಎರಡನೆಯ ಮಾತಿಗೆ ಸೋಮಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಮೂರನೆಯದಕ್ಕೆ ಅವನ ಬೆರಳು ತಾನಾಗಿ ಮೇಲೆದ್ದಿತು, ಹಾರ್ಮೋನಿಯಂ ನಿಂತಿತು. ಮಾತು ಮುಗಿಯುವವರೆಗೆ ಅವನು ಮತ್ತೆ ಮುಟ್ಟಲಿಲ್ಲ.

ನೀವಾಗಿದ್ದರೆ ನಿಲ್ಲಿಸುತ್ತಿದ್ದಿರಾ, ಮೇಷ್ಟ್ರೇ?

ನಿಮ್ಮ
ರತ್ನಿ